ಪುಟಾಣಿ ಬೈಕು: ಅಂಗಳಕ್ಕೆ ಯಾವುದು, ಯಾರಿಗೆ?

‘ಮಿನಿ ಬೈಕ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಗಾಡಿಗಳು ಮಾರಾಟವಾಗುತ್ತವೆ. ಈ ಬಗೆಯ ಗಾಡಿಗಳಲ್ಲಿ ಹೆಸರಾದ ಹೋಂಡಾ ‘ಮಂಕಿ’ ಕೂಡ 1961ರಲ್ಲಿ ಜಪಾನಿನ ಒಂದು ಮನೋರಂಜನಾ ಉದ್ಯಾನದ ಆಟಕ್ಕೆಂದೇ ಹುಟ್ಟಿದ್ದು, ರಸ್ತೆಗಿಳಿದದ್ದು ಆಮೇಲೆ.

6 ಅಥವಾ 12 ವೋಲ್ಟ್ ಬ್ಯಾಟರಿಯದ್ದು ಪುಟ್ಟ ಮಕ್ಕಳಿಗೆ. ನಡಿಗೆಯ ವೇಗ, ಅಡಿಕೆ ಹರಡದ ದಿನ ಅಂಗಳದಲ್ಲಿ ಧಾರಾಳ ಓಡಿಸಲಿ. ರೇಸ್ ಬೈಕಿನ ಪಡಿಯಚ್ಚಾದ ಪಾಕೆಟ್ ಬೈಕು ನೋಡಲು ಚಂದ. ಆದರೆ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಮುಂಡಾಜೆಯ ತೋಟದ ದಾರಿಯಲ್ಲಿ ಮೊದಲ ಮುರಕಲ್ಲಿಗೇ ಸಿಕ್ಕಿಕೊಂಡೀತು. ನಮ್ಮ ಕಡೆಗೆ ಅದು ದಂಡ.

ಗುಡ್ಡೆ ಹತ್ತುವುದು ಹಲ್ಲು ಟೈರಿನ ಮಿನಿ ಡರ್ಟ್ ಬೈಕು. ಸಾಮಾನ್ಯವಾಗಿ 49 ಸಿಸಿ, ಟೂ ಸ್ಟ್ರೋಕ್. ತೋಟದ ಹುಲ್ಲು ಕೊಚ್ಚುವ ಯಂತ್ರ ಬಿಚ್ಚಿ ನೋಡಿದವರಿಗೆ ಇದರಲ್ಲಿ ಹೊಸತೇನಿಲ್ಲ: ಹಗ್ಗ ಎಳೆದರೆ ಸ್ಟಾರ್ಟ್, ಗೇರಿಲ್ಲ, ಕ್ಲಚ್ ಹಿಡಿಯೂ ಇಲ್ಲ. ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಜೋರಾಗಿ ತಿರುಗುತ್ತದೆ, ಒಳಗಿನ ಕ್ಲಚ್ ಶೂಗಳು ಹೊರಕ್ಕೆ ಸರಿದು ಡ್ರಮ್ಮನ್ನು ಕಚ್ಚುತ್ತವೆ, ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತದೆ. ಅಪಾಯವೂ ಇಲ್ಲೇ. ಆಕ್ಸಿಲರೇಟರ್ ತಿರುಚಿಕೊಂಡೇ ಹಗ್ಗ ಎಳೆದರೆ ಗಾಡಿ ನೆಗೆಯುತ್ತದೆ. ಹಾಗಾಗಿ ಸ್ಟಾರ್ಟ್ ಮಾಡುವುದು ದೊಡ್ಡವರ ಕೆಲಸ, ಬ್ರೇಕ್ ಒತ್ತಿ ಹಿಡಿದೇ. ಆಕ್ಸಿಲರೇಟರಿಗೆ ಮಿತಿಯ ಸ್ಕ್ರೂ ಇದ್ದರೆ ಮೊದಲು ಅದನ್ನು ಬಿಗಿ ಮಾಡಿ. ಎಂಜಿನ್ ನಿಲ್ಲಿಸುವ ದಾರವಿದ್ದರೆ ಅದರ ತುದಿ ಮಗುವಿನ ಮಣಿಕಟ್ಟಿಗೆ ಕಟ್ಟಿರಲಿ. ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಕೈಪಿಡಿ 25:1 ಎಂದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ ಆಯಿಲ್. ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದು ಕೂರುತ್ತದೆ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳಕ್ಕಂತೂ ಬೇಡವೇ ಬೇಡ.

ಆಟಿಕೆಗೆ ಕಾನೂನೇನು ಎನ್ನಬೇಡಿ. ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಿಂದ ಹೊರಗುಳಿಯುವುದು 25 ಸಿಸಿ ಮೀರದ ಎಂಜಿನ್ ಮಾತ್ರ. 49 ಸಿಸಿ ಗಾಡಿ ಸಾರ್ವಜನಿಕ ರಸ್ತೆಗಿಳಿದರೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲ ಬೇಕು. ಹೆಡ್‌ಲೈಟೇ ಇಲ್ಲದ ಇದಕ್ಕೆ ನೋಂದಣಿ ಎಲ್ಲಿಂದ? 50 ಸಿಸಿ ಒಳಗಿನ ಗೇರಿಲ್ಲದ ಬೈಕಿಗೂ 16 ತುಂಬಿ ಲೈಸೆನ್ಸ್ ಇರಬೇಕು. ತೋಟದ ಗೊಬ್ಬರ ಹೊರುವ ಟಿವಿಎಸ್ ಎಕ್ಸೆಲ್ 100ಕ್ಕೂ ಗೇರಿಲ್ಲ ನಿಜ, ಆದರೆ ಎಂಜಿನ್ 99.7 ಸಿಸಿ, ಅದಕ್ಕೆ 18 ಆಗಲೇಬೇಕು. ಅಪ್ರಾಪ್ತರು ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿಯಂತೆ ಪೋಷಕರಿಗೋ ವಾಹನದ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಚಾರ್ಮಾಡಿ ಘಾಟಿಗೆ ಹೋಗುವ ಹೆದ್ದಾರಿ ಮುಂಡಾಜೆಯಲ್ಲೇ ಹಾದುಹೋಗುತ್ತದೆ. ಮೊಣಕಾಲೆತ್ತರದ ಬೈಕು ಲಾರಿ ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಗೇಟಿನೊಳಗೇ ಓಡಿಸಲಿ, ಕೊಡಿಸುವ ದಿನವೇ ಮಗುವಿನ ತಲೆಯ ಅಳತೆಯ ಹೆಲ್ಮೆಟ್ಟನ್ನೂ ತನ್ನಿ.