ಅಂಗಡಿ ಕಚೇರಿಗಳ ಒಳಾಂಗಣದಲ್ಲಿ ಸಸ್ಯಗಳು: ಬೆಳಕಿನ ಪ್ರಶ್ನೆ

ಬಟ್ಟೆಯಂಗಡಿ, ಬ್ಯಾಂಕು, ಹೋಟೆಲಿನ ಹಜಾರ ಮೊದಲಾದೆಡೆಗಳಲ್ಲಿ ಕುಂಡದ ಗಿಡಗಳನ್ನಿರಿಸುವ ವಾಡಿಕೆ ಈಗ ಸಾಮಾನ್ಯವಾಗಿದೆ. ಒಳಾಂಗಣವನ್ನು ಅಣಿಗೊಳಿಸುವವರು ಗಿಡವನ್ನೂ ಪೀಠೋಪಕರಣಗಳ ಸಾಲಿಗೆ ಸೇರಿಸಿ, ಅದರ ಬಣ್ಣ, ಆಕಾರ, ಎತ್ತರಗಳನ್ನಷ್ಟೇ ಪರಿಶೀಲಿಸಿ ಆರಿಸುವುದುಂಟು. ಕೆಲವೇ ತಿಂಗಳುಗಳಲ್ಲಿ ಎಲೆಯುದುರಿದ ಕಡ್ಡಿಗಳು ಗಿರಾಕಿಯನ್ನು ಸ್ವಾಗತಿಸುತ್ತವೆ. ಇದಕ್ಕೆ ಕಾರಣವೇನೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ನಂಬತಕ್ಕ ಸಾಕ್ಷಿಯಲ್ಲ. ನಡುಹಗಲ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1,00,000 ಲಕ್ಸ್. ಕಚೇರಿಯ ಮೇಜಿನ ಮೇಲೆ 300ರಿಂದ 500 ಲಕ್ಸ್ ಇದ್ದರೆ ಓದುಬರಹಕ್ಕೆ ಸಾಕು. ಇನ್ನೂರು ಮುನ್ನೂರು ಪಟ್ಟಿನ ಈ ಅಂತರವನ್ನು ಕಣ್ಣು ಹೊಂದಾಣಿಕೆಯಿಂದ ಮರೆಸಿಬಿಡುತ್ತದೆ. ಎಲೆಗೆ ಆ ಅನುಕೂಲವಿಲ್ಲ. ದ್ಯುತಿಸಂಶ್ಲೇಷಣೆಯಿಂದ ತಯಾರಾಗುವ ಆಹಾರವೂ ಉಸಿರಾಟದಲ್ಲಿ ವ್ಯಯವಾಗುವ ಆಹಾರವೂ ಸಮವಾಗುವ ಬೆಳಕಿನ ಮಟ್ಟವೊಂದು ಪ್ರತಿ ಸಸ್ಯಕ್ಕೂ ಇದೆ. ಬೆಳಕು ಅದಕ್ಕಿಂತ ಕೆಳಗಿಳಿದರೆ ಗಿಡವು ಕೂಡಿಟ್ಟ ಪಿಷ್ಟವನ್ನು ಕರಗಿಸಿಕೊಂಡು ಬದುಕುತ್ತದೆ. ಆದಕಾರಣ ಮೊದಲ ಕೆಲವು ವಾರ ಎಲ್ಲವೂ ಸೊಗಸಾಗಿಯೇ ಕಾಣುವುದು. ಅಷ್ಟರಲ್ಲಿ ಗುತ್ತಿಗೆದಾರನು ಹಣ ಪಡೆದು ಹೋಗಿರುತ್ತಾನೆ!

ಬಿಸಿಲಿನಲ್ಲಿ ಬೆಳೆದ ಫೈಕಸ್ ಬೆಂಜಮಿನಾ ಗಿಡವನ್ನು ನೇರವಾಗಿ ಒಳಗೆ ತಂದಿಟ್ಟರೆ ಅದು ರಾಶಿಗಟ್ಟಲೆ ಎಲೆಗಳನ್ನು ಉದುರಿಸುತ್ತದೆ. ಅದನ್ನೇ ಕೆಲವು ತಿಂಗಳು ಸಸ್ಯಾಗಾರದ ನೆರಳುಬಲೆಯಡಿ ಬೆಳೆಸಿದ್ದಾದರೆ ಕಡಿಮೆ ಬೆಳಕಿಗೆ ತಕ್ಕ ಎಲೆಗಳು ಮೂಡಿ ನಷ್ಟ ಕಡಿಮೆಯಾಗುತ್ತದೆ. ಮಂದ ಬೆಳಕಿನಲ್ಲಿರುವ ಗಿಡವು ನೀರನ್ನೂ ನಿಧಾನವಾಗಿಯೇ ಹೀರುತ್ತದೆ. ಬಾಡಿದಂತೆ ಕಂಡೊಡನೆ ಸೇವಕನು ಮತ್ತಷ್ಟು ನೀರೆರೆಯುವುದರಿಂದ ಬೇರು ಕೊಳೆಯುವುದೇ ಹೆಚ್ಚು.

ವಾಸ್ತುಶಿಲ್ಪದಲ್ಲಿ ಹೆಸರಾಂತ ಕಟ್ಟಡಗಳೂ ಈ ತೊಡಕಿನಿಂದ ಪಾರಾಗಿಲ್ಲ. ನ್ಯೂಯಾರ್ಕಿನ ಫೋರ್ಡ್ ಪ್ರತಿಷ್ಠಾನದ ಹನ್ನೆರಡು ಅಂತಸ್ತಿನ ಕಚೇರಿಯಲ್ಲಿ, 1967ರಲ್ಲಿ, ಗಾಜು ಹೊದಿಸಿದ ಒಳಾಂಗಣದೊಳಗೆ ಡಾನ್ ಕೈಲಿಯವರು ದೊಡ್ಡ ಮರಗಳುಳ್ಳ ತೋಟವನ್ನೇ ರಚಿಸಿದರು. ಅಷ್ಟು ಗಾಜಿದ್ದರೂ ಮೊದಲು ನೆಟ್ಟ ಮರಗಳಲ್ಲಿ ಹಲವು ಉಳಿಯದೆ, ಅವುಗಳ ಎಡೆಗೆ ನೆರಳು ಸಹಿಸುವ ಉಷ್ಣವಲಯದ ಸಸ್ಯಗಳು ಬಂದುವು. 2022ರಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನನಿಲ್ದಾಣದ ಎರಡನೆಯ ಟರ್ಮಿನಲಿನಲ್ಲಿ ತೂಗುತೋಟಗಳಿಗೆ ಛಾವಣಿಯ ಬೆಳಕಿಂಡಿಗಳಿಂದ ಬೆಳಕು ಬೀಳುತ್ತದೆ. ಗಿಡದ ದೃಷ್ಟಿಯಿಂದ ಮೇಲಿನ ಬೆಳಕೇ ಲೇಸು. ಪಕ್ಕದ ಕಿಟಕಿಯ ಬೆಳಕು ಒಳಗೆ ನಾಲ್ಕು ಹೆಜ್ಜೆ ಸರಿಯುವಷ್ಟರಲ್ಲಿ ಕ್ಷೀಣಿಸುತ್ತದೆ.

ಗಿಡಗಳು ಕೋಣೆಯ ಗಾಳಿಯನ್ನು ಶುದ್ಧಿಗೊಳಿಸುವುವೆಂಬ ಮಾತನ್ನು ವ್ಯಾಪಾರಿಗಳು ಧಾರಾಳವಾಗಿ ಬಳಸುತ್ತಾರೆ. ಇದರ ಮೂಲವು ಅಮೆರಿಕದ ನಾಸಾ ಸಂಸ್ಥೆಯ 1989ರ ಪ್ರಯೋಗ. ಅದು ನಡೆದದ್ದು ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಇಂತಹ ಹಲವು ಪ್ರಯೋಗಗಳ ಅಂಕಿಗಳನ್ನು ಕಮಿಂಗ್ಸ್ ಮತ್ತು ವೇರಿಂಗ್ ಎಂಬವರು 2019ರಲ್ಲಿ ಮರುಪರಿಶೀಲಿಸಿ, ಕಟ್ಟಡಗಳಲ್ಲಿ ಸಹಜವಾಗಿ ನಡೆಯುವ ವಾಯುಸಂಚಾರಕ್ಕೆ ಸರಿದೊರೆಯಾಗಲು ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕಾಗುತ್ತವೆಂದು ಲೆಕ್ಕ ಹಾಕಿದರು. ಅಷ್ಟು ಗಿಡಗಳಿಟ್ಟ ಮೇಲೆ ಗಿರಾಕಿಗೆ ನಿಲ್ಲಲು ಸ್ಥಳವೆಲ್ಲಿ? ಕಣ್ಣಿಗೆ ತಂಪು ನೀಡುವುದಕ್ಕಾಗಿ ಗಿಡವನ್ನು ಕೊಳ್ಳುವುದು ಪ್ರಾಮಾಣಿಕವಾದ ಕಾರಣವೇ ಸರಿ. ಗಾಳಿಗಾಗಿ ಕಿಟಕಿ, ಪಂಕಗಳೇ ಬೇಕು.

ಕುಂಡವಿಡುವ ಸ್ಥಳದಲ್ಲಿ, ಎಲೆಗಳ ಮಟ್ಟದಲ್ಲಿ, ಲಕ್ಸ್ ಮಾಪಕದಿಂದ ಹಗಲಿನ ಮೂರು ವೇಳೆಗಳಲ್ಲಿ ಬೆಳಕನ್ನು ಅಳೆದು, ಅನಂತರವೇ ಸಸ್ಯವನ್ನು ಆರಿಸತಕ್ಕದ್ದು. ತೀರ ಮಂದವಾದ ಮೂಲೆಗಳಲ್ಲಿ ಸ್ಯಾನ್ಸೆವೀರಿಯ, ಮನಿ ಪ್ಲಾಂಟ್ ಮುಂತಾದುವು ತಾಳಬಲ್ಲುವು. ಉಳಿದವಕ್ಕೆ ಪ್ರತ್ಯೇಕ ದೀಪವನ್ನು ಒದಗಿಸಬೇಕು. ರಜಾದಿನಗಳಲ್ಲಿ ಅಂಗಡಿಯ ದೀಪಗಳೆಲ್ಲ ಆರಿದರೂ ಆ ದೀಪವು ಉರಿಯುವಂತೆ ಅದಕ್ಕೆ ಬೇರೆಯೇ ತಂತಿ ಮತ್ತು ಸ್ವಿಚ್ಚನ್ನು ಕಟ್ಟಡದ ನಕ್ಷೆಯಲ್ಲಿಯೇ ಗುರುತಿಸಿಡುವುದು ಒಳಿತು.