ಘೋಡಬಂದರ್ ರಸ್ತೆಯ ಹಬ್ಬಗಳೂ ಸಮುದಾಯ ಕಲೆಗಳೂ

ಥಾಣೆ ನಗರದ ಮಾಜಿವಾಡೆಯಿಂದ ಹೊರಟು, ಯೇವೂರಿನ ಗುಡ್ಡಗಳನ್ನು ಎಡಕ್ಕೂ ವಸಯಿಯ ಅಳಿವೆಯನ್ನು ಬಲಕ್ಕೂ ಇರಿಸಿಕೊಂಡು, ಪೋರ್ತುಗೀಜರ ಹಳೆಯ ಕೋಟೆಯತ್ತ ಸಾಗುವ ದಾರಿಗೆ ಘೋಡಬಂದರ್ ರಸ್ತೆಯೆಂದು ಹೆಸರು. ಅಲ್ಲಿ ಹಿಂದೆ ಕುದುರೆಗಳ ವ್ಯಾಪಾರ ನಡೆಯುತ್ತಿದ್ದುದರಿಂದ ಈ ಹೆಸರು ಬಂದಿತೆಂಬುದು ರೂಢಿಯ ಮಾತು. ಮಾನಪಾಡಾ, ಪಾಟ್ಲಿಪಾಡಾ, ಭಾಯಂದರಪಾಡಾ ಎಂಬ ಸ್ಥಳನಾಮಗಳು ಇದು ಒಂದು ಕಾಲಕ್ಕೆ ಸಣ್ಣ ಸಣ್ಣ ಹಾಡಿಗಳ ನಾಡಾಗಿದ್ದುದನ್ನು ಸಾರುತ್ತವೆ. ಇಂದು ಆ ಹಾಡಿಗಳ ನೆಲದ ಮೇಲೆ ಬಹುಮಹಡಿಯ ವಸತಿಗಳು ಎದ್ದಿವೆ. ಅವುಗಳಲ್ಲಿ ಕನ್ನಡ ಕುಟುಂಬಗಳೂ ನೆಲೆಸಿವೆ. ಇವರು ಆಚರಿಸುವ ಹಬ್ಬಗಳನ್ನು ಪರಿಶೀಲಿಸಿದರೆ ಅವುಗಳಲ್ಲಿ ಮೂರು ಬಗೆಗಳು ತೋರುತ್ತವೆ: ತವರಿನಿಂದ ತಂದುವು, ನೆರೆಯವರಿಂದ ಪಡೆದುವು, ಇಲ್ಲಿಯ ಬಾಳಿನಿಂದಲೇ ಹುಟ್ಟಿದುವು.

ಕನ್ನಡಕ್ಕೂ ಈ ಗುಡ್ಡಗಳಿಗೂ ಇರುವ ಸಂಬಂಧ ತೀರ ಹೊಸದಲ್ಲ. ಗುಡ್ಡಸಾಲಿನ ಆಚೆಯ ಕಾನ್ಹೇರಿ ಗುಹೆಗಳಲ್ಲಿರುವ 9ನೆಯ ಶತಮಾನದ ಶಾಸನಗಳಲ್ಲಿ, ಉತ್ತರ ಕೊಂಕಣದ ಶಿಲಾಹಾರರಾದ ಪುಲ್ಲಶಕ್ತಿ ಮತ್ತು ಕಪರ್ದಿಯರು ರಾಷ್ಟ್ರಕೂಟ ಅಮೋಘವರ್ಷನ ಸಾಮಂತರೆಂದು ಉಕ್ತರಾಗಿದ್ದಾರೆ. ‘ಕವಿರಾಜಮಾರ್ಗ’ ಹುಟ್ಟಿದುದು ಈ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿಯೇ. ಆದರೆ ಇದು ಅರಸೊತ್ತಿಗೆಯ ಸಂಬಂಧ. ಈಗ ಇಲ್ಲಿರುವ ಕನ್ನಡಿಗರು ಬಂದುದು ಸಾಮ್ರಾಜ್ಯದ ಬೆನ್ನು ಹತ್ತಿಯಲ್ಲ, ಅನ್ನದ ದಾರಿ ಹಿಡಿದು.

ಅವರು ಬರುವ ಮುನ್ನವೇ ಈ ನೆಲಕ್ಕೆ ತನ್ನದೇ ಆದ ಉತ್ಸವಕ್ರಮವಿದ್ದಿತು. ಗುಡ್ಡದ ವಾರ್ಲಿ ಜನರು ಸುಗ್ಗಿಯ ಕಾಲದಲ್ಲಿ, ಒಣಸೋರೆಯ ಬುರುಡೆಯಿಂದ ಮಾಡಿದ ತಾರ್ಪಾ ಎಂಬ ಊದುವಾದ್ಯವನ್ನು ನಡುವೆ ನುಡಿಸುತ್ತ, ಸುತ್ತಲೂ ಒಬ್ಬರನ್ನೊಬ್ಬರು ಹಿಡಿದು ಬಳಸಿ ಕುಣಿಯುವರು. ದೀಪಾವಳಿಗೆ ಮುನ್ನ ವಾಘಬಾರಸದಂದು ಹುಲಿದೇವರನ್ನು ಪೂಜಿಸುವರು. ಪಿಲಿಚಾಮುಂಡಿಯನ್ನು ಬಲ್ಲ ಕರಾವಳಿಯವರಿಗೆ ಇದು ಅಪರಿಚಿತವೆನಿಸದು. ಚೆಂದಣಿಯ ಕೋಳಿಗಳು ಶ್ರಾವಣದ ಹುಣ್ಣಿಮೆಯಂದು ನೀರಿಗೆ ತೆಂಗಿನಕಾಯಿಯನ್ನು ಅರ್ಪಿಸುವರು; ಮೊಗವೀರರ ಸಮುದ್ರಪೂಜೆಯ ಭಾವವೂ ಇದೇ. 1853ರಲ್ಲಿ ಮುಂಬಯಿಯಿಂದ ಥಾಣೆಗೆ ರೈಲು ಬಂದಿತು. 1893ರಲ್ಲಿ ಮರಾಠಿ ಗ್ರಂಥಸಂಗ್ರಹಾಲಯ ಸ್ಥಾಪಿತವಾಯಿತು. ಅದೇ ಕಾಲದಲ್ಲಿ ಪುಣೆಯಲ್ಲಿ ಟಿಳಕರು ಬೆಳೆಸಿದ ಸಾರ್ವಜನಿಕ ಗಣೇಶೋತ್ಸವವು ಮರಾಠಿ ನಗರಗಳಲ್ಲೆಲ್ಲ ಹಬ್ಬಿ, ಮನೆಯ ಪೂಜೆಯನ್ನು ಬೀದಿಯ ಉತ್ಸವವನ್ನಾಗಿ ಮಾಡಿತು. 1978ರಲ್ಲಿ ಮಾಸುಂದಾ ಕೆರೆಯ ದಂಡೆಯ ಮೇಲೆ ಗಡಕರಿ ರಂಗಾಯತನ ತೆರೆಯಿತು. ಹೀಗೆ ಅಂಗಳದಿಂದ ಬೀದಿಗೆ, ಬೀದಿಯಿಂದ ಸಭಾಗೃಹಕ್ಕೆ ಎಂಬುದು ಈ ನಗರದ ಕಲೆಗಳು ನಡೆದ ದಾರಿ.

ಕನ್ನಡಿಗರು ಮೊದಲು ಸಂಘಟಿತರಾದುದು ಮುಂಬಯಿಯಲ್ಲಿ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಹೋಟೆಲಿನ ಹುಡುಗರಿಗೆ ಅಕ್ಷರ ಕಲಿಸಿದ ರಾತ್ರಿಶಾಲೆಗಳು: ಇವು ಅಡಿಪಾಯ. ನಗರದೊಳಗೆ ಬಾಡಿಗೆ ಏರಿದಂತೆ ಜನ ಹೊರವಲಯಕ್ಕೆ ಸರಿದರು. ಸಂಘಗಳೂ ಭಜನಾ ಮಂಡಳಿಗಳೂ ಅವರೊಡನೆ ಡೊಂಬಿವಲಿ, ಥಾಣೆ, ನವಿಮುಂಬಯಿಗಳಿಗೆ ಬಂದುವು.

ತವರಿನಿಂದ ತಂದ ಕಲೆಗಳಲ್ಲಿ ಮುಖ್ಯವಾದುದು ಯಕ್ಷಗಾನ. ದೀಪಾವಳಿಯ ಹೊತ್ತಿಗೆ ತಿರುಗಾಟಕ್ಕೆ ಹೊರಟ ಮೇಳಗಳು ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು ತುಳುನಾಡಿನ ಪದ್ಧತಿ. ಊರಿನಲ್ಲಿ ಬಿಡುವಾದ ಆ ಮಳೆಗಾಲದಲ್ಲಿಯೇ ಕಲಾವಿದರು ಮುಂಬಯಿಯ ಕಡೆಗೆ ಬರುವರು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಈ ಪ್ರಯಾಣ ಸುಗಮವಾಯಿತು. ಊರಿನಲ್ಲಿ ಆಟವಿಲ್ಲದ ಕಾಲವೇ ಇಲ್ಲಿ ಆಟದ ಕಾಲವಾಯಿತು. ಬಯಲಿನ ಆಟವು ಮಾಡಿನ ಕೆಳಗೆ ಸೇರಿತು.

ನೆರೆಯವರಿಂದ ಪಡೆದ ಆಚರಣೆಗೆ ಅರಸಿನ ಕುಂಕುಮವು ಉತ್ತಮ ನಿದರ್ಶನ. ಮಕರ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮರಾಠಿ ಗೃಹಿಣಿಯರು ಒಬ್ಬರನ್ನೊಬ್ಬರು ಮನೆಗೆ ಕರೆದು ಎಳ್ಳುಂಡೆ ಹಂಚುವರು. ಎಳ್ಳುಬೆಲ್ಲ ಬೀರುವುದನ್ನು ಅರಿತಿದ್ದ ಕನ್ನಡ ಸ್ತ್ರೀಯರಿಗೆ ಇದನ್ನು ತಮ್ಮದಾಗಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಸಂಘದ ಮಹಿಳಾ ವಿಭಾಗಗಳು ಇದನ್ನು ಸಭೆಯ ರೂಪಕ್ಕೆ ತಂದುವು. ಅನೇಕ ಸ್ತ್ರೀಯರು ಮೊದಲ ಬಾರಿಗೆ ವೇದಿಕೆಯೇರಿದುದು ಇಂಥ ಸಂದರ್ಭಗಳಲ್ಲಿ.

ಇನ್ನು ಇಲ್ಲಿಯ ಬಾಳಿನಿಂದಲೇ ರೂಪುಗೊಂಡ ಹಬ್ಬ ಆಟಿಯದು. ತುಳುನಾಡಿನಲ್ಲಿ ಆಟಿಯು ಮಳೆಯ, ಅಭಾವದ ತಿಂಗಳು, ಶುಭಕಾರ್ಯಗಳಿಗೆ ವರ್ಜ್ಯ. ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಷಾಯ ಕುಡಿಯುವುದೂ ಕೆಸುವಿನೆಲೆ, ತಿಮರೆಗಳನ್ನು ತಿನ್ನುವುದೂ ಹಬ್ಬದ ಸಂಭ್ರಮವಾಗಿರಲಿಲ್ಲ, ಬದುಕುಳಿಯುವ ಉಪಾಯವಾಗಿದ್ದಿತು. ವಲಸೆಯ ನಗರದಲ್ಲಿ ಆ ತಿಂಗಳೇ ‘ಆಟಿಡೊಂಜಿ ದಿನ’ವೆಂಬ ಸಡಗರವಾಗಿದೆ. ಅಜ್ಜಿಯ ಹಸಿವು ಮೊಮ್ಮಗಳಿಗೆ ರುಚಿಯಾಗಿದೆ. ಇದನ್ನು ನೋಡಿ ನಗುವುದು ಸಲ್ಲದು. ಕಷ್ಟವನ್ನು ನೆನಪಾಗಿ ಕಾಪಾಡಲು ಜನ ಕಂಡುಕೊಂಡ ದಾರಿಯಿದು. ಆದರೆ ಹಸಿವಿನ ಕಥೆಯನ್ನು ಹೇಳದೆ ಪತ್ರೊಡೆಯನ್ನು ಮಾತ್ರ ಬಡಿಸಿದರೆ ನೆನಪು ಉಳಿಯದು.

ಇಲ್ಲಿಯೇ ಮುಖ್ಯ ಪ್ರಶ್ನೆ ಏಳುತ್ತದೆ. ಹಬ್ಬವು ಎರವಲನ್ನೂ ಬದಲಾವಣೆಯನ್ನೂ ತಾಳಿಕೊಳ್ಳುತ್ತದೆ. ಕಲೆಯು ಅಷ್ಟು ಸುಲಭವಾಗಿ ತಾಳದು. ಯಕ್ಷಗಾನವನ್ನೇ ನೋಡಬಹುದು. ಇರುಳಿಡೀ ನಡೆಯುತ್ತಿದ್ದ ಆಟವು ಸಭಾಗೃಹದ ಮೂರು ಗಂಟೆಗಳಿಗೆ ಇಳಿದಾಗ ಮೊದಲು ಬಿದ್ದುಹೋದುದು ಪೂರ್ವರಂಗ. ನೋಡುವವರಿಗೆ ಅದರಿಂದ ಹೆಚ್ಚಿನ ನಷ್ಟವೆನಿಸಲಿಲ್ಲ. ಆದರೆ ಹೊಸದಾಗಿ ಮೇಳ ಸೇರಿದ ಹುಡುಗ ಕೋಡಂಗಿಯಾಗಿ, ಬಾಲಗೋಪಾಲನಾಗಿ ಹೆಜ್ಜೆ ಕಲಿಯುತ್ತಿದ್ದುದು ಆ ಪೂರ್ವರಂಗದಲ್ಲಿಯೇ. ಅದು ಹೋದರೆ ಉಳಿಯುವುದು ನುರಿತವರ ಪ್ರದರ್ಶನ. ಕಲಿಯುವವನಿಗೆ ರಂಗದ ಮೇಲೆ ಸ್ಥಳವಿಲ್ಲ. ವಸತಿಸಂಕೀರ್ಣದ ಆವರಣದ ಉತ್ಸವಕ್ಕೂ ಇಂಥದೇ ಮಿತಿಯುಂಟು. ಬೀದಿಯ ಗಣಪತಿಯನ್ನು ದಾರಿಹೋಕನೂ ನಿಂತು ನೋಡುವನು; ಕಾವಲಿರುವ ಬಾಗಿಲಿನೊಳಗಿನ ಗಣಪತಿಗೆ ಆಹ್ವಾನಿತರೇ ಭಕ್ತರು. ಆಕಸ್ಮಿಕವಾಗಿ ನೋಡಿ ಮರುಳಾಗುವ ಬಾಲಕನಿಲ್ಲದೆ ಯಾವ ಕಲೆಯೂ ಮುಂದಿನ ತಲೆಮಾರಿಗೆ ದಾಟಿದುದಿಲ್ಲ.

ಈ ಕೊರತೆಯನ್ನು ತುಂಬಬಲ್ಲ ಸಾಧನಗಳು ಸಮುದಾಯದ ಕೈಯಲ್ಲಿಯೇ ಇವೆ. ಒಂದು, ವಾರದ ಭಜನೆ. ಇದಕ್ಕೆ ಹಾರ್ಮೋನಿಯಂ, ತಾಳ, ಹತ್ತು ಕಂಠಗಳು ಸಾಕು, ಮಕ್ಕಳು ದೊಡ್ಡವರ ನಡುವೆ ಕುಳಿತೇ ಕಲಿಯುವರು. ಇನ್ನೊಂದು, ತಾಳಮದ್ದಲೆ ಮತ್ತು ಅದೇ ರೀತಿಯಲ್ಲಿ ಅರ್ಥ ಹೇಳುತ್ತ ನಡೆಸುವ ಶನಿಗ್ರಂಥ ಪಾರಾಯಣ. ಇವಕ್ಕೆ ವೇಷವೂ ಬೇಡ, ರಂಗಸ್ಥಳವೂ ಬೇಡ. ಭಾಗವತರೊಬ್ಬರು, ಮದ್ದಳೆ, ಮಾತು ಬಲ್ಲ ನಾಲ್ವರು ಇದ್ದರೆ ಚಿಕ್ಕ ಕೋಣೆಯೂ ಪುರಾಣಲೋಕವಾಗುವುದು. ಊರಿನ ಬಳಕೆ ತಪ್ಪಿದ ಮಗುವಿಗೆ ಅಚ್ಚಕನ್ನಡದ ಪೂರ್ಣವಾಕ್ಯಗಳು ಕಿವಿಗೆ ಬೀಳುವ ಸ್ಥಳ ಇದಕ್ಕಿಂತ ಬೇರೆ ವಿರಳ.

ವಾರ್ಷಿಕೋತ್ಸವವು ಜನರನ್ನು ಕೂಡಿಸುತ್ತದೆ. ಕಲೆಯನ್ನು ಉಳಿಸುವುದು ವಾರವಾರದ ಅಭ್ಯಾಸ. ಸಂಘಗಳು ಉತ್ಸವದ ವೆಚ್ಚದಲ್ಲಿ ಒಂದು ಪಾಲನ್ನು ಕಲಿಕೆಗೆ ತೆಗೆದಿರಿಸಿ, ಪ್ರದರ್ಶನದ ಆರಂಭದ ಅರ್ಧ ಗಂಟೆಯನ್ನು ಹೊಸಬರ ಪೂರ್ವರಂಗಕ್ಕೆ ಮರಳಿ ಕೊಟ್ಟರೆ, ಘೋಡಬಂದರ್ ರಸ್ತೆಯಲ್ಲಿ ನೋಡುವವರಷ್ಟೇ ಅಲ್ಲ, ಕುಣಿಯುವವರೂ ಬೆಳೆದಾರು.