ಜೋಡಿ ತಪ್ಪಿದರೆ ಊರಿಗೆಲ್ಲ ಕತ್ತಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ – ಯಾವ ತಾಲ್ಲೂಕೇ ಇರಲಿ, ಕರೆಂಟು ಹೋದರೆ ಪಂಪ್‌ಸೆಟ್ಟು ನಿಂತಂತೆಯೇ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಸೀಮೆಯಿದು.

ಉಪಕೇಂದ್ರದಲ್ಲಿ ಎಲ್ಲ ಮಾರ್ಗಗಳೂ ಕೂಡುವ ವಾಹಕವೇ ಬಸ್‌ಬಾರ್. ಅದಕ್ಕೆ ಬಂದಷ್ಟೇ ವಿದ್ಯುತ್ತು ಹೊರಹೋಗಬೇಕು. ಈ ಲೆಕ್ಕ ಹಿಡಿಯುವುದು ಪ್ರತಿ ಮಾರ್ಗದ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿ.ಟಿ. ವ್ಯತ್ಯಾಸ ಕಂಡರೆ, ದೋಷ ಬಸ್‌ಬಾರಿನಲ್ಲೇ ಇದೆಯೆಂದು ರಿಲೇಯು ಬ್ರೇಕರ್‌ಗಳನ್ನೆಲ್ಲ ಬಿಡಿಸುತ್ತದೆ.

ತೊಡಕೂ ಇಲ್ಲೇ. ಹೊರಗೆಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿ, ಒಂದು ಸಿ.ಟಿ.ಯ ಕಬ್ಬಿಣದ ತಿರುಳು ಕಾಂತತೆಯಿಂದ ತುಂಬಿಹೋದರೆ ಅದು ಕಡಿಮೆ ಲೆಕ್ಕ ಕೊಡುತ್ತದೆ. ರಿಲೇ ಮೋಸಹೋದರೆ, ತಪ್ಪಿಲ್ಲದ ಊರುಗಳೂ ಕತ್ತಲಾಗುತ್ತವೆ. ಆದ್ದರಿಂದಲೇ ಹೈ ಇಂಪೆಡೆನ್ಸ್ ಪದ್ಧತಿಯಲ್ಲಿ ಸಿ.ಟಿ.ಗಳ ಅನುಪಾತ ಒಂದೇ ಇರಬೇಕು, ಗುಣ ಹೊಂದಬೇಕು; ರಿಲೇಯೊಂದಿಗೆ ಸ್ಥಿರತೆಯ ರೆಸಿಸ್ಟರನ್ನೂ ಜೋಡಿಸುತ್ತಾರೆ.

ನೊಗಕ್ಕೆ ಸರಿಜೋಡಿ ಎತ್ತು ಹುಡುಕುವ ರೈತನಿಗೆ ಇದೇನೂ ಹೊಸ ಮಾತಲ್ಲ!